ಕೈ ಬದಲಾಗುವಾಗ ಯಾರೂ ಜಾರದಂತೆ: ಸಾರ್ವಜನಿಕ ಮಾನಸಿಕ ಆರೋಗ್ಯ ಸೇವೆಯಲ್ಲಿ ಆತ್ಮಹತ್ಯೆ ತಡೆ ವ್ಯವಸ್ಥೆ ಕಟ್ಟುವ ಬಗೆ

ಆತ್ಮಹತ್ಯೆಯಿಂದ ಸತ್ತವರಲ್ಲಿ ಬಹಳಷ್ಟು ಮಂದಿ ಆರೋಗ್ಯ ಸೇವೆಯ ಕಣ್ಣಿಗೆ ಬೀಳದೇ ಹೋದವರಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಸಾವಿಗೆ ಹಿಂದಿನ ಒಂದು ತಿಂಗಳಲ್ಲಿ ಸುಮಾರು 45% ಮಂದಿ ಸಾಮಾನ್ಯ ವೈದ್ಯರನ್ನು ಕಂಡಿದ್ದರು. ಐವರಲ್ಲಿ ಒಬ್ಬರು ಮಾನಸಿಕ ಆರೋಗ್ಯ ಸೇವೆಯನ್ನೇ ಕಂಡಿದ್ದರು. ಮನೋವೈದ್ಯಕೀಯ ವಾರ್ಡಿನಿಂದ ಬಿಡುಗಡೆಯಾದ ಮೊದಲ ಮೂರು ತಿಂಗಳು, ಅದರಲ್ಲೂ ಮೊದಲ ವಾರ, ಅತ್ಯಂತ ಅಪಾಯದ ಕಾಲ. ಹಾಗಾದರೆ ವೈದ್ಯರಿದ್ದರು, ನರ್ಸ್ ಇದ್ದರು, ಔಷಧಿಯೂ ಇತ್ತು. ಇಲ್ಲದ್ದು ಒಂದು ಕೈಯಿಂದ ಇನ್ನೊಂದು ಕೈಗೆ ವ್ಯಕ್ತಿಯನ್ನು ದಾಟಿಸುವ ಏರ್ಪಾಡು. ಎಮರ್ಜೆನ್ಸಿಯಿಂದ ಒಪಿಡಿಗೆ, ವಾರ್ಡಿನಿಂದ ಮನೆಗೆ, ಸಹಾಯವಾಣಿಯಿಂದ ಆಸ್ಪತ್ರೆಗೆ ದಾಟುವ ಈ ಸಂದುಗಳಲ್ಲೇ ಜನ ಕಳೆದುಹೋಗುತ್ತಾರೆ. ಈ ಲೇಖನ ಆ ಸಂದುಗಳನ್ನು ಮುಚ್ಚುವ ಕೆಲಸದ ಕುರಿತು. ಜಿಲ್ಲೆಯ ಮಟ್ಟದ ಸೇವೆ ನಡೆಸುವವರು, ಆಸ್ಪತ್ರೆಯ ಆಡಳಿತಗಾರರು, ಸಮುದಾಯ ಆರೋಗ್ಯ ತಂಡಗಳು ಇದನ್ನು ನೇರವಾಗಿ ಬಳಸಬಹುದು.

ಹಂತ 1: ಮೊದಲು ದಾರಿಯ ನಕ್ಷೆ, ಆಮೇಲೆ ತರಬೇತಿ

ಹೆಚ್ಚಿನ ಕಾರ್ಯಕ್ರಮಗಳು ತರಬೇತಿ ಶಿಬಿರದಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತವೆ. ತರಬೇತಿ ಪಡೆದ ನರ್ಸ್ ಮರುದಿನ ರೋಗಿಯಲ್ಲಿ ಅಪಾಯ ಗುರುತಿಸಿದರೂ ಯಾರಿಗೆ ಹೇಳಬೇಕೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಕ್ರಮ ತಿರುಗಿಸಿ.

ಕಳೆದ ಒಂದು ವರ್ಷದಲ್ಲಿ ನಿಮ್ಮ ಸೇವೆಯ ಸಂಪರ್ಕಕ್ಕೆ ಬಂದು ಸತ್ತವರ ಮತ್ತು ಗಂಭೀರ ಪ್ರಯತ್ನ ಮಾಡಿ ಉಳಿದವರ ಕಡತಗಳನ್ನು ತೆಗೆಯಿರಿ. ಹತ್ತರಿಂದ ಇಪ್ಪತ್ತು ಕಡತ ಸಾಕು. ಪ್ರತಿಯೊಂದರಲ್ಲೂ ಮೂರೇ ಪ್ರಶ್ನೆ: ಕೊನೆಯ ಸಂಪರ್ಕ ಎಲ್ಲಿ ಆಯಿತು? ಆಮೇಲೆ ನೋಡಬೇಕಾಗಿದ್ದವರು ಯಾರು? ಅವರಿಗೆ ವಿಷಯ ತಲುಪಿತ್ತೇ? ಮೂರನೆಯದಕ್ಕೆ ಉತ್ತರ ಹುಡುಕುವಾಗಲೇ ನಿಮ್ಮ ವ್ಯವಸ್ಥೆಯ ಹೂರಣ ಹೊರಬೀಳುತ್ತದೆ. ‘ಮನೋವೈದ್ಯರಿಗೆ ತೋರಿಸಲು ಸೂಚಿಸಲಾಗಿದೆ’ ಎಂಬ ಒಂದೇ ಸಾಲು, ಕೆಳಗೆ ಸಹಿ. ತೋರಿಸಿದರೋ ಇಲ್ಲವೋ ಎನ್ನುವುದಕ್ಕೆ ಯಾವ ದಾಖಲೆಯೂ ಇರುವುದಿಲ್ಲ.

ನಂತರ ಒಂದು ದೊಡ್ಡ ಹಾಳೆಯಲ್ಲಿ ಜನ ಒಳಬರುವ ಎಲ್ಲ ಬಾಗಿಲುಗಳನ್ನು ಬರೆಯಿರಿ: ತುರ್ತು ಚಿಕಿತ್ಸಾ ವಿಭಾಗ, ಒಪಿಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಹಾಯವಾಣಿ, ಪೊಲೀಸ್, ಶಾಲೆ–ಕಾಲೇಜು, ಕಾರಾಗೃಹ, ವ್ಯಸನ ಚಿಕಿತ್ಸಾ ಕೇಂದ್ರ. ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದು, ಪ್ರತಿ ಗೆರೆಯ ಮೇಲೆ ನಾಲ್ಕು ವಿಷಯ ಗುರುತಿಸಿ: ಒಪ್ಪಿಸುವವರು ಯಾರು, ವಹಿಸಿಕೊಳ್ಳುವವರು ಯಾರು, ಹೇಗೆ, ಎಷ್ಟು ಗಂಟೆಯೊಳಗೆ. ನಾಲ್ಕರಲ್ಲಿ ಒಂದು ಖಾಲಿ ಉಳಿದರೂ ಆ ಗೆರೆ ಇಲ್ಲವೆಂದೇ ಲೆಕ್ಕ. ರಾತ್ರಿಗೆ ಮತ್ತು ರಜಾದಿನಗಳಿಗೆ ಇದೇ ನಕ್ಷೆಯನ್ನು ಇನ್ನೊಮ್ಮೆ ಬರೆಯಿರಿ. ಹಗಲಿನಲ್ಲಿ ಇದ್ದ ಅರ್ಧ ಗೆರೆಗಳು ಅಲ್ಲಿ ಮಾಯವಾಗಿರುತ್ತವೆ.

ಹಂತ 2: ಹೊಣೆ ಹೊರುವವರು, ಮಾಹಿತಿ ಹಂಚಿಕೆಯ ಒಪ್ಪಂದ

ಈ ಕೆಲಸಕ್ಕೆ ಪೂರ್ಣಾವಧಿಯ ಒಬ್ಬ ಸಂಯೋಜಕರು ಬೇಕು. ಈಗಾಗಲೇ ಐದಾರು ಕಾರ್ಯಕ್ರಮಗಳ ನೋಡಲ್ ಅಧಿಕಾರಿಯಾಗಿರುವವರ ತಲೆಗೆ ಇದನ್ನೂ ಕಟ್ಟಿದರೆ ಹತ್ತರಲ್ಲಿ ಹನ್ನೊಂದನೆಯದಾಗುತ್ತದೆ. ಸಂಯೋಜಕರು ಮನೋವೈದ್ಯರೇ ಆಗಬೇಕಿಲ್ಲ. ಅನುಭವಿ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಈ ಕೆಲಸವನ್ನು ಎಷ್ಟೋ ಸಲ ಇನ್ನೂ ಚೆನ್ನಾಗಿ ಮಾಡುತ್ತಾರೆ. ಆದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ನೇರವಾಗಿ ವರದಿ ಮಾಡುವ ಅಧಿಕಾರ ಅವರಿಗಿರಲೇಬೇಕು.

ಮಾರ್ಗದರ್ಶಕ ಸಮಿತಿಯಲ್ಲಿ ಮೇಲಿನ ಬಾಗಿಲುಗಳಿಂದ ಒಬ್ಬೊಬ್ಬರಿರಲಿ. ಜೊತೆಗೆ ಆತ್ಮಹತ್ಯೆಯ ಯೋಚನೆಯನ್ನು ಸ್ವತಃ ದಾಟಿ ಬಂದವರು, ಮನೆಯವರನ್ನು ಹೀಗೆ ಕಳೆದುಕೊಂಡವರು ಕನಿಷ್ಠ ಇಬ್ಬರಿರಲಿ. ಕಾಯುವ ಕೋಣೆಯಲ್ಲಿ ನಾಲ್ಕು ಗಂಟೆ ಕೂತರೆ ಮನಸ್ಸಿಗೆ ಏನಾಗುತ್ತದೆ ಎಂದು ಹೇಳಬಲ್ಲವರು ಅವರೇ.

ಸಂಸ್ಥೆಗಳ ನಡುವೆ ಮಾಹಿತಿ ಹಂಚಿಕೆಗೆ ಲಿಖಿತ ಒಪ್ಪಂದ ಬೇಕು. ಗೋಪ್ಯತೆಯ ಹೆಸರಿನಲ್ಲಿ ಏನನ್ನೂ ಹೇಳದಿರುವುದೂ ತಪ್ಪು, ಇಡೀ ಕೇಸ್ ಶೀಟನ್ನು ಪೊಲೀಸ್ ಠಾಣೆಗೆ ಕಳಿಸುವುದೂ ತಪ್ಪು. ಒಬ್ಬರಿಂದ ಒಬ್ಬರಿಗೆ ಹೋಗಬೇಕಾದದ್ದು ಇಷ್ಟೇ: ಹೆಸರು, ಸಂಪರ್ಕ ಸಂಖ್ಯೆ, ಈಗಿನ ಅಪಾಯದ ಸ್ವರೂಪ, ಸುರಕ್ಷತಾ ಯೋಜನೆಯ (ಬಿಕ್ಕಟ್ಟು ಬಂದಾಗ ಏನು ಮಾಡಬೇಕೆಂದು ರೋಗಿಯ ಜೊತೆ ಕೂತು ಬರೆದ ಹಾಳೆ, ಹಂತ 5 ನೋಡಿ) ಪ್ರತಿ, ಮುಂದಿನ ಭೇಟಿಯ ದಿನಾಂಕ. ರೋಗಿಯ ಒಪ್ಪಿಗೆಯನ್ನು ಮೊದಲ ಭೇಟಿಯಲ್ಲೇ ಕೇಳಿ ದಾಖಲಿಸಿ. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದಾಗ ಒಪ್ಪಿಗೆಯಿಲ್ಲದೆ ಎಷ್ಟು ಹಂಚಬಹುದು ಎನ್ನುವುದನ್ನು ನಿಮ್ಮಲ್ಲಿನ ಕಾನೂನಿಗೆ ಅನುಗುಣವಾಗಿ ಮೊದಲೇ ಬರೆದಿಡಿ. ನಡುರಾತ್ರಿ ಡ್ಯೂಟಿ ವೈದ್ಯರು ಕಾನೂನು ಹುಡುಕುತ್ತಾ ಕೂರುವಂತಾಗಬಾರದು.

ಹಂತ 3: ಕೇಳುವುದು

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಸಿಬ್ಬಂದಿಯಲ್ಲಿ ಆಳವಾಗಿ ಬೇರೂರಿದೆ. ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ನೇರವಾಗಿ ಕೇಳಿದಾಗ ಎಷ್ಟೋ ಜನ ಹಗುರಾಗುತ್ತಾರೆ.

ಸಾಧನ ಚಿಕ್ಕದಿರಲಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ರೂಪಿಸಿದ ‘ಆಸ್ಕ್’ ಎಂಬ ಪ್ರಶ್ನಾವಳಿಯಲ್ಲಿ ನಾಲ್ಕು ಪ್ರಶ್ನೆಗಳಿವೆ, ಕೇಳಲು ಸುಮಾರು 20 ಸೆಕೆಂಡ್ ಹಿಡಿಯುತ್ತದೆ. ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಈಚಿನ ಕೆಲವು ವಾರಗಳಲ್ಲಿ ಅನಿಸಿದೆಯೇ. ನಾನಿಲ್ಲದಿದ್ದರೆ ನನಗೂ ಮನೆಯವರಿಗೂ ಒಳ್ಳೆಯದಿತ್ತು ಅನಿಸಿದೆಯೇ. ಈ ವಾರ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ. ಹಿಂದೆ ಎಂದಾದರೂ ಪ್ರಯತ್ನಿಸಿದ್ದುಂಟೇ. ಒಂದಕ್ಕೆ ಹೌದೆಂದರೂ ಐದನೆಯ ಪ್ರಶ್ನೆ: ಈಗ, ಈ ಕ್ಷಣದಲ್ಲಿ, ಆ ಯೋಚನೆ ಇದೆಯೇ? ಐದನೆಯದಕ್ಕೆ ಹೌದೆಂದವರನ್ನು ಒಂಟಿಯಾಗಿ ಬಿಡುವಂತಿಲ್ಲ. ಪೂರ್ಣ ಮೌಲ್ಯಮಾಪನ ಆಗುವವರೆಗೆ ಯಾರಾದರೂ ಪಕ್ಕದಲ್ಲಿರಬೇಕು. ಆತ್ಮಹತ್ಯೆಯ ಯೋಚನೆ, ವರ್ತನೆಗಳ ಬಗ್ಗೆ ಕೇಳುವ ಕೊಲಂಬಿಯಾ ಮಾಪಕವನ್ನೂ ಹಲವು ಕಡೆ ಬಳಸುತ್ತಾರೆ. ಯಾವುದನ್ನು ಆರಿಸಿದರೂ ಎಲ್ಲ ಬಾಗಿಲುಗಳಲ್ಲಿ ಒಂದೇ ಸಾಧನವಿರಲಿ. ಇಲ್ಲದಿದ್ದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಕೆಡುವುದು ಪ್ರಶ್ನೆಯಿಂದಲ್ಲ, ಕೇಳುವ ಧಾಟಿಯಿಂದ. ‘ಅಂಥ ಯೋಚನೆ ಏನೂ ಇಲ್ಲ ತಾನೇ?’ ಎಂದರೆ ಬರುವ ಉತ್ತರ ಒಂದೇ. ಪಕ್ಕದಲ್ಲಿ ಅತ್ತೆಯೋ ಗಂಡನೋ ಅಪ್ಪನೋ ನಿಂತಿರುವಾಗ ಕೇಳಿದರೂ ಅಷ್ಟೇ. ‘ಎಲ್ಲರನ್ನೂ ಕೆಲವು ನಿಮಿಷ ಒಬ್ಬರೇ ಮಾತನಾಡಿಸುತ್ತೇವೆ, ಇದು ಇಲ್ಲಿನ ಕ್ರಮ’ ಎಂದು ಮನೆಯವರನ್ನು ಹೊರಗೆ ಕೂರಿಸಿ. ಅವರ ಮಾತನ್ನೂ ಬೇರೆಯಾಗಿ ಕೇಳಿ.

ಇನ್ನೊಂದು ಎಚ್ಚರಿಕೆ. ಸ್ಕ್ರೀನಿಂಗ್, ಅಂದರೆ ಬಂದವರೆಲ್ಲರಿಗೂ ಈ ಪ್ರಶ್ನೆಗಳನ್ನು ಕೇಳುವುದು, ಶುರುಮಾಡುವ ಮುನ್ನ ಲೆಕ್ಕ ಹಾಕಿ. ದಿನಕ್ಕೆ ನೂರು ಜನ ಬರುವ ಒಪಿಡಿಯಲ್ಲಿ ಎಂಟು ಮಂದಿ ಹೌದೆಂದರು ಎಂದಿಟ್ಟುಕೊಳ್ಳಿ. ಮೌಲ್ಯಮಾಪನಕ್ಕೂ ಸುರಕ್ಷತಾ ಯೋಜನೆಗೂ ಸೇರಿ ತಲಾ ಒಂದು ಗಂಟೆ ಬೇಕು. ಅಂದರೆ ದಿನಕ್ಕೆ ಎಂಟು ಗಂಟೆ, ಒಬ್ಬ ತರಬೇತಾದ ಸಿಬ್ಬಂದಿಯ ಇಡೀ ದಿನ. ಆ ಒಬ್ಬರು ಇಲ್ಲದೆ ಶುರುಮಾಡಿದರೆ ಮೂರನೆಯ ವಾರದ ಹೊತ್ತಿಗೆ ಎಲ್ಲ ಹಾಳೆಗಳಲ್ಲೂ ‘ಇಲ್ಲ, ಇಲ್ಲ, ಇಲ್ಲ, ಇಲ್ಲ’ ಎಂದು ತುಂಬಿರುತ್ತದೆ. ಅದು ಸೋಮಾರಿತನವಲ್ಲ, ಹೌದೆಂದರೆ ಮುಂದೇನು ಮಾಡಬೇಕೆಂದು ತೋಚದ ಸಿಬ್ಬಂದಿ ಕಂಡುಕೊಂಡ ದಾರಿ. ಒಂದು ಬಾಗಿಲಿನಲ್ಲಿ ಆರಂಭಿಸಿ, ಎರಡು ತಿಂಗಳು ನಡೆಸಿ ನಿಜವಾದ ಸಂಖ್ಯೆ ತಿಳಿದ ಮೇಲೆ ವಿಸ್ತರಿಸಿ.

ಹಂತ 4: ಅಂಕ ಹಾಕಬೇಡಿ, ಅರ್ಥಮಾಡಿಕೊಳ್ಳಿ

‘ಕಡಿಮೆ, ಮಧ್ಯಮ, ಹೆಚ್ಚು ಅಪಾಯ’ ಎಂಬ ಮೂರು ಪೆಟ್ಟಿಗೆಗಳು ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುತ್ತವೆ. ಯಾರು ಸಾಯುತ್ತಾರೆ ಎಂದು ಹೇಳುವಲ್ಲಿ ಮಾತ್ರ ಅವು ಸೋಲುತ್ತವೆ. ‘ಹೆಚ್ಚು ಅಪಾಯ’ ಎಂದು ಗುರುತಿಸಿದವರಲ್ಲಿ ಬಹುಪಾಲು ಜನ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಸತ್ತವರಲ್ಲಿ ದೊಡ್ಡ ಪಾಲು ‘ಕಡಿಮೆ ಅಪಾಯ’ ಎಂದು ಬರೆಸಿಕೊಂಡವರು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ಅಪಾಯ ಮಾಪಕಗಳನ್ನು ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಬಳಸಬೇಡಿ, ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಕಳಿಸಿಬಿಡಬೇಕು ಎಂದು ತೀರ್ಮಾನಿಸಲೂ ಬಳಸಬೇಡಿ. ಸ್ಕ್ರೀನಿಂಗ್ ಪ್ರಶ್ನೆಗಳ ಕೆಲಸ ಮಾತು ಶುರುಮಾಡುವುದು, ಅಷ್ಟೇ.

ಪೆಟ್ಟಿಗೆಗೆ ಟಿಕ್ ಹಾಕುವ ಬದಲು ಅರ್ಧ ಪುಟ ಬರೆಯಿರಿ. ಈಗಲೇ ಏಕೆ, ಅಂದರೆ ಈ ವಾರ ಏನು ಬದಲಾಯಿತು? ಸಾಯುವ ಯೋಜನೆ ಎಷ್ಟು ಮುಂದುವರಿದಿದೆ, ಅದಕ್ಕೆ ಬಳಸಬಹುದಾದ ಸಾಧನ ಕೈಗೆ ಎಟುಕುವಂತಿದೆಯೇ? ಇಷ್ಟು ದಿನ ತಡೆದು ನಿಲ್ಲಿಸಿದ್ದು ಏನು ಅಥವಾ ಯಾರು? ಮದ್ಯಪಾನ, ನಿದ್ರೆ, ತೀವ್ರ ನೋವು, ಸಾಲ, ಮನೆಯೊಳಗಿನ ಹಿಂಸೆ ಇವೆಯೇ? ಕೊನೆಯದಾಗಿ, ಬಹಳ ಮಂದಿ ಕೇಳದೆ ಬಿಡುವ ಪ್ರಶ್ನೆ: ಮುಂದಿನ ಕೆಲವು ವಾರಗಳಲ್ಲಿ ಏನಾದರೆ ಪರಿಸ್ಥಿತಿ ಹಠಾತ್ತನೆ ಕೆಡಬಹುದು? ಕೋರ್ಟಿನ ತೀರ್ಪು, ಪರೀಕ್ಷಾ ಫಲಿತಾಂಶ, ಜೊತೆಗಿರುವವರು ಊರಿಗೆ ಹೋಗುವ ದಿನ. ಆ ದಿನಾಂಕವನ್ನು ಬರೆದುಕೊಂಡು, ಅದರ ಹಿಂದಿನ ದಿನವೇ ಒಂದು ಕರೆ ನಿಗದಿ ಮಾಡಿ.

‘ಗಮನ ಸೆಳೆಯಲು ಹೀಗೆ ಮಾಡಿಕೊಂಡಿದ್ದಾರೆ’, ‘ನಾಟಕ’ ಎಂಬ ಪದಗಳು ಕೇಸ್ ಶೀಟಿನಲ್ಲಿ ಕಂಡರೆ ಹೊಡೆದುಹಾಕಿಸಿ, ಬರೆದವರ ಜೊತೆ ಕೂತು ಮಾತನಾಡಿ. ಹಿಂದಿನ ಪ್ರಯತ್ನಕ್ಕಿಂತ ದೊಡ್ಡ ಮುನ್ಸೂಚನೆ ಸಿಗುವುದು ಅಪರೂಪ. ಮುಂದಿನ ಡ್ಯೂಟಿಯವರು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆ ಮಾಡುವುದು ಈ ಪದಗಳೇ.

ಹಂತ 5: ಸುರಕ್ಷತಾ ಯೋಜನೆ

ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಆರು ಭಾಗಗಳ ಯೋಜನೆ ಇಂದು ಹೆಚ್ಚು ಬಳಕೆಯಲ್ಲಿದೆ. ತುರ್ತು ವಿಭಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಯೋಜನೆ ಮತ್ತು ನಂತರದ ದೂರವಾಣಿ ಕರೆಗಳನ್ನು ಪಡೆದವರಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಆರು ತಿಂಗಳಲ್ಲಿ ಸುಮಾರು 45% ಕಡಿಮೆಯಿತ್ತು. ಯೋಜನೆ ಮತ್ತು ಕರೆ ಎರಡೂ ಸೇರಿ ಬಂದ ಫಲಿತಾಂಶ ಇದು. ಹಾಳೆಯನ್ನು ಮಾತ್ರ ಕೊಟ್ಟು ಕಳಿಸಿದರೆ ಇದನ್ನು ನಿರೀಕ್ಷಿಸುವಂತಿಲ್ಲ.

ಆರು ಭಾಗಗಳು ಅನುಕ್ರಮವಾಗಿ: ಬಿಕ್ಕಟ್ಟು ಬರುತ್ತಿದೆ ಎಂದು ತೋರಿಸುವ ಚಿಹ್ನೆಗಳು, ಯಾರ ಸಹಾಯವೂ ಇಲ್ಲದೆ ತಾನೇ ಮಾಡಬಹುದಾದದ್ದು, ಮನಸ್ಸನ್ನು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ವಿಷಯ ಹೇಳಿ ಸಹಾಯ ಕೇಳಬಹುದಾದ ಹತ್ತಿರದವರು, ವೃತ್ತಿಪರರು ಮತ್ತು ಸಹಾಯವಾಣಿ (ಭಾರತದಲ್ಲಾದರೆ ಟೆಲಿ-ಮಾನಸ್‌ನ 14416), ಕೊನೆಗೆ ಸುತ್ತಲಿನ ಜಾಗವನ್ನು ಅಪಾಯರಹಿತವಾಗಿಸುವುದು. 20ರಿಂದ 45 ನಿಮಿಷ ಹಿಡಿಯುತ್ತದೆ.

ವ್ಯಕ್ತಿಯ ಸ್ವಂತ ಮಾತಿನಲ್ಲೇ ಬರೆಯಿರಿ. ‘ಒತ್ತಡ ಹೆಚ್ಚಾದಾಗ’ ಎಂದು ಬರೆದರೆ ಕೆಲಸಕ್ಕೆ ಬಾರದು. ‘ರಾತ್ರಿ ಎರಡಾದರೂ ನಿದ್ದೆ ಬಾರದೆ, ಎದೆ ಬಿಗಿದು, ನನ್ನಿಂದ ಯಾರಿಗೂ ಉಪಯೋಗವಿಲ್ಲ ಅನ್ನಿಸತೊಡಗಿದಾಗ’ ಎಂದಿದ್ದರೆ ಆ ಕ್ಷಣ ಬಂದಾಗ ಅವರಿಗೇ ಗುರುತು ಸಿಗುತ್ತದೆ. ಪ್ರತಿ ಭಾಗ ಬರೆದ ಮೇಲೂ ಕೇಳಿ: ‘ನಿಜವಾಗಿ ಇದನ್ನು ಮಾಡುತ್ತೀರಾ? ಮಾಡಲು ಅಡ್ಡಬರುವುದು ಏನು?’ ನಾಲ್ಕನೆಯ ಭಾಗದಲ್ಲಿ ಅಣ್ಣನ ಹೆಸರಿದ್ದು ಅಣ್ಣನ ಜೊತೆ ಮಾತು ಬಿಟ್ಟು ವರ್ಷವಾಗಿದ್ದರೆ ಅದು ಈ ಪ್ರಶ್ನೆಯಿಂದಲೇ ಹೊರಬರುವುದು. ಒಂದು ಪ್ರತಿ ಅವರ ಫೋನಿನಲ್ಲಿ, ಒಂದು ಕಡತದಲ್ಲಿ, ಒಪ್ಪಿದರೆ ಒಂದು ಮನೆಯವರ ಕೈಯಲ್ಲಿ. ಸಹಾಯವಾಣಿಯ ಸಂಖ್ಯೆಗೆ ತಿಂಗಳಿಗೊಮ್ಮೆ ನೀವೇ, ರಾತ್ರಿ ಹೊತ್ತಿನಲ್ಲಿ, ಕರೆ ಮಾಡಿ ಪರೀಕ್ಷಿಸಿ.

ಇದರ ಬದಲು ಕೆಲವು ಕಡೆ ‘ನಾನು ಪ್ರಾಣ ಕಳೆದುಕೊಳ್ಳುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಕಾಗದ ಜೀವ ಉಳಿಸುತ್ತದೆ ಎನ್ನಲು ಆಧಾರವಿಲ್ಲ. ಸಿಬ್ಬಂದಿಗೆ ಸುಳ್ಳು ಧೈರ್ಯ, ರೋಗಿಗೆ ಮುಂದೆ ಸತ್ಯ ಹೇಳಲು ಸಂಕೋಚ, ಇಷ್ಟೇ ಅದರ ಫಲ.

ಹಂತ 6: ಸಾಧನ ಕೈಗೆಟುಕದಂತೆ

ಸುರಕ್ಷತಾ ಯೋಜನೆಯ ಆರನೆಯ ಭಾಗವನ್ನು ನೆಪಮಾತ್ರಕ್ಕೆ ಮುಗಿಸುವವರೇ ಹೆಚ್ಚು. ವಾಸ್ತವದಲ್ಲಿ ಅತ್ಯಂತ ಗಟ್ಟಿ ಆಧಾರವಿರುವುದು ಅದಕ್ಕೇ. ತೀವ್ರ ಬಿಕ್ಕಟ್ಟು ಬಹುತೇಕ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದವರು, ಪ್ರಯತ್ನ ಮಾಡಿ ಉಳಿದವರು ಸಹ, ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು.

ಮನೆಯ ಮಟ್ಟದಲ್ಲಿ ಮನೆಯವರ ಜೊತೆ ಕೂತು ಸ್ಪಷ್ಟವಾಗಿ ಮಾತನಾಡಿ. ‘ಜೋಪಾನವಾಗಿ ನೋಡಿಕೊಳ್ಳಿ’ ಎಂದರೆ ಯಾರಿಗೂ ಏನೂ ತಿಳಿಯದು. ಯಾವ ವಸ್ತು, ಯಾರು ತೆಗೆದಿಡುತ್ತಾರೆ, ಎಲ್ಲಿಗೆ, ಯಾವತ್ತು ಎಂದು ಬರೆದುಕೊಂಡು ಮರುದಿನ ಕರೆಮಾಡಿ ಆಯಿತೇ ಎಂದು ಕೇಳಿ. ಬಿಕ್ಕಟ್ಟಿನ ಅವಧಿಯಲ್ಲಿ ಔಷಧಿಯನ್ನು ಒಂದು ವಾರಕ್ಕಿಂತ ಹೆಚ್ಚು ಒಟ್ಟಿಗೆ ಕೊಡಬೇಡಿ, ಮನೆಯವರೊಬ್ಬರು ಇಟ್ಟುಕೊಳ್ಳಲಿ. ಮೂರು ತಿಂಗಳ ಔಷಧಿ ಒಮ್ಮೆಗೇ ಕೊಡುವ ಔಷಧಾಲಯದ ಪದ್ಧತಿಗೆ ಸಕ್ರಿಯ ಪಟ್ಟಿಯಲ್ಲಿರುವವರ (ಹಂತ 9 ನೋಡಿ) ಮಟ್ಟಿಗೆ ವಿನಾಯಿತಿ ಬೇಕು. ಇದನ್ನು ಔಷಧಾಲಯದವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ವಾರ್ಡುಗಳಲ್ಲಿ ಶೌಚಾಲಯ, ಕಿಟಕಿ, ಪರದೆ ಕಂಬಿಗಳನ್ನು ಸುರಕ್ಷತೆಯ ದೃಷ್ಟಿಯಿಂದ ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ, ಲೋಪ ಕಂಡರೆ ದುರಸ್ತಿಗೆ ದಿನಾಂಕ ಹಾಕಿ.

ಹಂತ 7: ಡಿಸ್ಚಾರ್ಜ್ ಮತ್ತು ಅದರ ನಂತರ

ಇಡೀ ವ್ಯವಸ್ಥೆಯಲ್ಲಿ ಒಂದೇ ಹಂತಕ್ಕೆ ಹಣವಿದೆ ಎಂದಾದರೆ ಅದನ್ನು ಇಲ್ಲಿ ಹಾಕಿ.

ವಿಶ್ವ ಆರೋಗ್ಯ ಸಂಸ್ಥೆ ಕ್ಯಾಂಪಿನಾಸ್, ಚೆನ್ನೈ, ಕೊಲಂಬೊ, ಕರಾಜ್, ಯುಂಚೆಂಗ್ ಎಂಬ ಐದು ಕಡೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಪ್ರಯತ್ನದ ನಂತರ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆ ಒಂದು ಗಂಟೆಯ ಮಾಹಿತಿ ಮಾತುಕತೆ, ನಂತರ 18 ತಿಂಗಳಲ್ಲಿ ಒಂಬತ್ತು ಸಲ ಕರೆ ಅಥವಾ ಭೇಟಿ. ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ 2.2%, ಎರಡನೆಯದರಲ್ಲಿ 0.2%. ದುಬಾರಿ ಚಿಕಿತ್ಸೆ ಏನೂ ಇರಲಿಲ್ಲ.

ಅದೇ ವೇಳಾಪಟ್ಟಿಯನ್ನು ಎತ್ತಿಕೊಳ್ಳಬಹುದು: 1, 2, 4, 7, 11ನೇ ವಾರ, 4, 6, 12, 18ನೇ ತಿಂಗಳು. ಅದಕ್ಕೂ ಮೊದಲು 72 ಗಂಟೆಯೊಳಗೆ ಒಂದು ಕರೆ ಅಥವಾ ಭೇಟಿ ಸೇರಿಸಿ. ಬಿಡುಗಡೆಗೆ ಮುನ್ನ ಆಗಬೇಕಾದದ್ದು: ಏಳು ದಿನದೊಳಗಿನ ಭೇಟಿಗೆ ದಿನ, ಹೊತ್ತು, ನೋಡುವವರ ಹೆಸರು ನಿಗದಿ; ಆ ನೋಡುವವರು ರೋಗಿಯ ಜೊತೆ ಒಮ್ಮೆಯಾದರೂ, ಫೋನಿನಲ್ಲಾದರೂ, ಮಾತನಾಡಿರುವುದು; ಎರಡು ಫೋನ್ ಸಂಖ್ಯೆ. ಸಂಖ್ಯೆಗೆ ಅಲ್ಲೇ ನಿಂತು ಮಿಸ್ಡ್ ಕಾಲ್ ಕೊಟ್ಟು ನೋಡಿ. ತಪ್ಪು ಸಂಖ್ಯೆ ಎನ್ನುವುದು ಈ ಕೆಲಸದ ಅತಿ ಸಾಮಾನ್ಯ ಸೋಲು. ಯಾರಿಗೆ ವಿಷಯ ತಿಳಿಯಬಾರದು, ಫೋನ್ ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಭೇಟಿಗೆ ಬಾರದಿದ್ದರೆ ‘ಗೈರು’ ಎಂದು ಬರೆದು ಮುಗಿಸುವಂತಿಲ್ಲ. ಅದೇ ದಿನ ಎರಡು ಕರೆ, ಸಿಗದಿದ್ದರೆ ಮರುದಿನ ಮನೆಯವರಿಗೆ ಕರೆ, 72 ಗಂಟೆಯೊಳಗೆ ಸಮುದಾಯ ಕಾರ್ಯಕರ್ತರಿಂದ ಮನೆ ಭೇಟಿ. ಅಪಾಯ ಸ್ಪಷ್ಟವಾಗಿದ್ದರೆ ಇದೆಲ್ಲವೂ ಅದೇ ದಿನ.

ಚಿಕಿತ್ಸೆ ಬೇಡವೆಂದವರನ್ನೂ ಬಿಡಬೇಡಿ. ಮನೋವೈದ್ಯ ಜೆರೋಮ್ ಮೊಟ್ಟೊ ಮುಂದಿನ ಚಿಕಿತ್ಸೆ ನಿರಾಕರಿಸಿದ 843 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷಗಳಲ್ಲಿ 24 ಸಣ್ಣ ಪತ್ರ ಕಳಿಸಿದರು. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಗಮನಾರ್ಹವಾಗಿ ಕಡಿಮೆಯಿತ್ತು. ಇಂದು ಅದನ್ನು ಮೊಬೈಲ್ ಸಂದೇಶದಲ್ಲಿ ಮಾಡಬಹುದು. ಸಂದೇಶ ಏನನ್ನೂ ಕೇಳಬಾರದು. ‘ನೆನಪಾಯಿತು, ಕ್ಷೇಮವಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ’ ಎಂಬಷ್ಟು ಸಾಕು. ಕೆಳಗೆ ಪರಿಚಯವಿರುವ ಒಬ್ಬರ ಹೆಸರಿರಲಿ. ‘ನಿಮ್ಮ ಭೇಟಿ ಬಾಕಿ ಇದೆ’ ಎಂದು ಸೇರಿಸಿದರೆ ಅದು ವಿದ್ಯುತ್ ಬಿಲ್ಲಿನ ಜ್ಞಾಪನೆಯಂತಾಗುತ್ತದೆ.

ಹಂತ 8: ಚಿಕಿತ್ಸೆ, ರಾತ್ರಿಯ ಸೇವೆ

ಖಿನ್ನತೆಗೆ ಔಷಧಿ ಕೊಟ್ಟರೆ ಆತ್ಮಹತ್ಯೆಯ ಯೋಚನೆ ತಾನಾಗಿ ಹೋಗುತ್ತದೆ ಎಂದು ಕಾಯಬೇಡಿ. ಆ ಯೋಚನೆಯನ್ನೇ ಗುರಿಯಾಗಿಸುವ ಅರಿವಿನ ವರ್ತನಾ ಚಿಕಿತ್ಸೆ, ಪದೇಪದೇ ತಮಗೆ ಗಾಯ ಮಾಡಿಕೊಳ್ಳುವವರಿಗೆ ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಸ್ಕಿಜೋಫ್ರೇನಿಯಾದಲ್ಲಿ ಕ್ಲೋಜಪಿನ್ ಎಂಬ ಔಷಧಿ ಇವೆ. ಮನೋವೈದ್ಯರು ಕಡಿಮೆಯಿರುವಲ್ಲಿ ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಎಂಎಚ್‌ಗ್ಯಾಪ್ ಮಾರ್ಗದರ್ಶಿ ಹಿಡಿದು ಸಾಮಾನ್ಯ ವೈದ್ಯರು ಮತ್ತು ನರ್ಸ್‌ಗಳೇ ಮೊದಲ ಹಂತ ನಡೆಸಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾನಸಿಕ ಆರೋಗ್ಯ ಸೇವೆಗಳ ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನದ 24 ಗಂಟೆ ಬಿಕ್ಕಟ್ಟು ಸೇವೆ ಕೊಟ್ಟ ಕಡೆ ಆತ್ಮಹತ್ಯೆ ಪ್ರಮಾಣ ಇಳಿದದ್ದು ಎದ್ದು ಕಂಡಿತು. ವ್ಯಸನವೂ ಮಾನಸಿಕ ಕಾಯಿಲೆಯೂ ಒಟ್ಟಿಗೆ ಇರುವವರಿಗೆ ಲಿಖಿತ ನೀತಿ ಮಾಡಿಕೊಂಡ ಕಡೆಯೂ ಹಾಗೆಯೇ. ‘ಮೊದಲು ಕುಡಿತ ಬಿಡಿ, ಆಮೇಲೆ ಬನ್ನಿ’ ಎಂದು ಒಬ್ಬರು, ‘ಮೊದಲು ಮನಸ್ಸು ಸರಿಮಾಡಿಕೊಂಡು ಬನ್ನಿ’ ಎಂದು ಇನ್ನೊಬ್ಬರು ಕಳಿಸುವುದನ್ನು ಮೊದಲು ನಿಲ್ಲಿಸಬೇಕು. ಸಹಾಯವಾಣಿಯಿಂದ ಆಸ್ಪತ್ರೆಗೆ ಕಳಿಸುವಾಗ ಬರೀ ಸಂಖ್ಯೆ ಕೊಟ್ಟು ಫೋನ್ ಇಡಬಾರದು. ಆ ಕಡೆಯವರು ಎತ್ತಿ, ಹೆಸರು ಹೇಳಿ, ಮಾತು ಶುರುಮಾಡುವವರೆಗೆ ಫೋನಿನಲ್ಲೇ ಇರಬೇಕು.

ಹಂತ 9: ಪಟ್ಟಿ ಮತ್ತು ಅಳತೆ

ಸ್ಕ್ರೀನಿಂಗ್ ಪ್ರಶ್ನೆಗೆ ಹೌದೆಂದ ಪ್ರತಿಯೊಬ್ಬರ ಹೆಸರೂ ಒಂದು ಸಕ್ರಿಯ ಪಟ್ಟಿಗೆ ಹೋಗಲಿ. ಪ್ರತಿ ಹೆಸರಿನ ಮುಂದೆ ಒಬ್ಬ ಸಿಬ್ಬಂದಿಯ ಹೆಸರು, ಮುಂದಿನ ಸಂಪರ್ಕದ ದಿನಾಂಕ. ಮುಂದಿನವರು ‘ವಹಿಸಿಕೊಂಡೆ’ ಎಂದು ದಾಖಲಿಸುವವರೆಗೆ ಹೊಣೆ ಹಿಂದಿನವರದೇ. ಸಿಬ್ಬಂದಿ ರಜೆಗೆ ಹೋದರೂ ವರ್ಗವಾದರೂ ಇದೇ ನಿಯಮ. ಪಟ್ಟಿಯಿಂದ ಹೆಸರು ತೆಗೆಯುವುದು ಇಬ್ಬರು ಕೂಡಿ ಒಪ್ಪಿದಾಗ ಮಾತ್ರ. ಸಾಫ್ಟ್‌ವೇರ್ ಇಲ್ಲವೆಂದು ಕಾಯಬೇಕಿಲ್ಲ. ಬೀಗ ಹಾಕಿಟ್ಟ ಒಂದು ರಿಜಿಸ್ಟರ್, ವಾರಕ್ಕೊಮ್ಮೆ ಅರ್ಧ ಗಂಟೆ ಸಭೆ. ಸಭೆಯಲ್ಲಿ ಎಲ್ಲ ಹೆಸರುಗಳನ್ನೂ ಓದಬೇಡಿ, ದಿನಾಂಕ ಮೀರಿದವರನ್ನು ಮಾತ್ರ ಓದಿ.

ತಿಂಗಳಿಗೊಮ್ಮೆ ಅಳೆಯಬೇಕಾದವು: ಬಂದವರಲ್ಲಿ ಎಷ್ಟು ಪಾಲಿಗೆ ಪ್ರಶ್ನೆ ಕೇಳಲಾಯಿತು, ಹೌದೆಂದವರಲ್ಲಿ ಎಷ್ಟು ಮಂದಿಗೆ ಅದೇ ದಿನ ಯೋಜನೆ ಆಯಿತು, ಬಿಡುಗಡೆಯಾದವರಲ್ಲಿ ಎಷ್ಟು ಮಂದಿ 72 ಗಂಟೆಯೊಳಗೆ ನಿಜವಾಗಿ ಮಾತಿಗೆ ಸಿಕ್ಕರು. ‘ಕರೆ ಮಾಡಲಾಯಿತು’ ಎನ್ನುವುದನ್ನು ‘ಸಿಕ್ಕರು’ ಎಂದು ಎಣಿಸಬೇಡಿ. ಸಾವುಗಳನ್ನು ಮರಣ ನೋಂದಣಿಯೊಂದಿಗೆ ಹೋಲಿಸಿ ಪಡೆಯಿರಿ, ಆಸ್ಪತ್ರೆಗೆ ಸುದ್ದಿ ಬರಲಿ ಎಂದು ಕಾದರೆ ಅರ್ಧ ತಪ್ಪಿಹೋಗುತ್ತವೆ. ಒಂದು ಜಿಲ್ಲೆಯ ಸೇವೆಯಲ್ಲಿ ಈ ಸಂಖ್ಯೆ ಚಿಕ್ಕದು, ವರ್ಷದಿಂದ ವರ್ಷಕ್ಕೆ ಸುಮ್ಮನೆ ಏರಿಳಿಯುತ್ತದೆ. ಮೂರರಿಂದ ಐದು ವರ್ಷ ಒಟ್ಟಿಗೆ ನೋಡಿ.

ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆರೋಗ್ಯ ಸಂಸ್ಥೆ 2001ರಲ್ಲಿ ತನ್ನ ರೋಗಿಗಳಲ್ಲಿ ಒಂದೂ ಆತ್ಮಹತ್ಯೆ ಆಗಬಾರದೆಂಬ ಗುರಿ ಹಾಕಿಕೊಂಡಿತು. ಮುಂದಿನ ವರ್ಷಗಳಲ್ಲಿ ಪ್ರಮಾಣ ಸುಮಾರು 75% ಇಳಿಯಿತು. ಹೋಲಿಕೆಗೆ ಬೇರೆ ಗುಂಪು ಇರದ ಕಾರಣ ಇಳಿಕೆಯ ಎಷ್ಟು ಪಾಲು ಕಾರ್ಯಕ್ರಮದ್ದು ಎಂದು ಹೇಳಲಾಗದು, ಆದರೂ ಮುಂದೆ ಹಲವು ದೇಶಗಳು ಹಿಡಿದ ದಾರಿ ಅದು. ಶೂನ್ಯವೆಂಬುದು ವ್ಯವಸ್ಥೆಯ ಗುರಿ. ಅದನ್ನು ಸಿಬ್ಬಂದಿಯ ಮೇಲೆ ಹೊರಿಸಿದ ದಿನ ದಾಖಲೆಗಳು ಸುಳ್ಳು ಹೇಳತೊಡಗುತ್ತವೆ.

ಹಂತ 10: ಸಾವು ಸಂಭವಿಸಿದಾಗ

ಮೊದಲ ಎರಡು ದಿನಗಳಲ್ಲಿ ಮೂರು ಕೆಲಸ. ರೋಗಿಯನ್ನು ಬಲ್ಲ ಒಬ್ಬರು ಮನೆಯವರನ್ನು ಸಂಪರ್ಕಿಸಿ, ವಿಷಾದ ಹೇಳಿ, ಮುಂದೆ ಮಾತನಾಡಲು ಒಂದು ಹೆಸರು ಕೊಡಬೇಕು. ಹತ್ತಿರದವರಲ್ಲೂ ಅಪಾಯ ಹೆಚ್ಚುವುದರಿಂದ ಇದು ಬರೀ ಸೌಜನ್ಯವಲ್ಲ, ತಡೆಯ ಕೆಲಸವೇ. ಚಿಕಿತ್ಸೆ ನೀಡುತ್ತಿದ್ದ ಸಿಬ್ಬಂದಿಯನ್ನು ಒಂಟಿಯಾಗಿ ಬಿಡದೆ, ಅವರ ಪಟ್ಟಿಯಲ್ಲಿರುವ ಉಳಿದವರನ್ನು ಕೆಲವು ದಿನ ಸಹೋದ್ಯೋಗಿಗಳು ಹಂಚಿಕೊಳ್ಳಬೇಕು. ಅದೇ ವಾರ್ಡಿನ ಇತರ ರೋಗಿಗಳಿಗೆ, ವಿಧಾನದ ವಿವರವಿಲ್ಲದೆ, ಸತ್ಯ ಹೇಳಬೇಕು.

ಪರಾಮರ್ಶೆ ಆರು ವಾರದೊಳಗೆ ನಡೆಯಲಿ, ಬೇರೆ ಬೇರೆ ವಿಭಾಗದವರು ಕೂತು. ‘ಯಾರ ತಪ್ಪು’ ಎಂದು ಕೇಳಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ‘ಆ ಹೊತ್ತಿನಲ್ಲಿ ಆ ನಿರ್ಧಾರ ಸರಿ ಎಂದು ಏಕೆ ಅನ್ನಿಸಿತು, ಯಾವ ಮಾಹಿತಿ ಕೈಯಲ್ಲಿರಲಿಲ್ಲ’ ಎಂದು ಕೇಳಿ. ಮನೆಯವರು ಬಯಸಿದರೆ ಅವರ ಪ್ರಶ್ನೆಗಳನ್ನೂ ಪರಾಮರ್ಶೆಗೆ ಸೇರಿಸಿ, ಉತ್ತರವನ್ನು ಅವರಿಗೆ ಎದುರು ಕೂತು ಹೇಳಿ. ಪ್ರತಿ ಪರಾಮರ್ಶೆಯಿಂದ ಒಂದೋ ಎರಡೋ ಬದಲಾವಣೆ ಸಾಕು, ಆದರೆ ಅದಕ್ಕೆ ಹೆಸರು ಮತ್ತು ಗಡುವು ಇರಬೇಕು. ಹಂತ 1ರಲ್ಲಿ ಬರೆದ ನಕ್ಷೆಯಲ್ಲಿ ಆ ಗೆರೆಯನ್ನು ತಿದ್ದಿ, ತಿದ್ದಿದ ದಿನಾಂಕ ಹಾಕಿ.

ಸಮಯದ ಅಂದಾಜು: ನಕ್ಷೆ ಮತ್ತು ಒಪ್ಪಂದಗಳಿಗೆ ಮೂರು ತಿಂಗಳು, ವಾರ್ಡಿನ ಡಿಸ್ಚಾರ್ಜ್ ದಾರಿ ಮತ್ತು ಪಟ್ಟಿಗೆ ಇನ್ನು ಮೂರು, ತುರ್ತು ವಿಭಾಗದ ಸ್ಕ್ರೀನಿಂಗ್ ಎರಡನೆಯ ಅರ್ಧ ವರ್ಷದಲ್ಲಿ. ಒಪಿಡಿ, ಪ್ರಾಥಮಿಕ ಕೇಂದ್ರಗಳು, ಶಾಲೆಗಳ ಸರದಿ ಎರಡನೆಯ ವರ್ಷ. ತರಬೇತಿಯನ್ನು ಆರು ತಿಂಗಳಿಗೊಮ್ಮೆ ಮರುಕಳಿಸಿ. ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ, ಸ್ವಾಗತ ಕೌಂಟರಿನವರು ಮತ್ತು ಕಾವಲು ಸಿಬ್ಬಂದಿ ಸೇರಿ, ಮೊದಲ ತಿಂಗಳಲ್ಲೇ ಕೊಡಿ. ಹೊರಟುಹೋಗುತ್ತಿರುವ ರೋಗಿಯನ್ನು ಕೊನೆಯದಾಗಿ ನೋಡುವುದು ಎಷ್ಟೋ ಸಲ ಗೇಟಿನಲ್ಲಿರುವವರೇ.